ಚರಟ ತೂಗುವ ಹುಡುಗಿ

ನಮ್ಮ ಕಾಸರಗೋಡಿನ ಕಡೆ ಲ್ಯಾಬ್ ಟೆಕ್ನಿಶಿಯನ್ ಎಂದರೆ ರಕ್ತ ತೆಗೆಯುವವರು ಎಂದೇ ಅರ್ಥ. ಈ ಹುಡುಗಿ ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ನೆರೆಮನೆಯ ಅಜ್ಜಿ ಶುಗರ್ ರಿಪೋರ್ಟ್ ಹಿಡಿದುಕೊಂಡು ಬಂದು ಕೂರುತ್ತಿದ್ದರು. "ನೋಡು ಮಗಾ, ಜಾಸ್ತಿ ಉಂಟಾ?" ಮೊದಲೆರಡು ವರ್ಷ ಅವಳು, "ನನ್ನದು ಆ ಲ್ಯಾಬ್ ಅಲ್ಲ ಅಜ್ಜಿ, ಗಿಡದ ಲ್ಯಾಬ್" ಎಂದು ಬಿಡಿಸಿ ಹೇಳುತ್ತಿದ್ದಳು. ಆಮೇಲೆ ಸುಮ್ನೆ ರಿಪೋರ್ಟ್ ಓದಿ, "ಸ್ವಲ್ಪ ಉಂಟು, ಡಾಕ್ಟರಿಗೆ ತೋರಿಸಿ" ಎನ್ನತೊಡಗಿದಳು. ನನ್ನ ಬಳಿ ಬಂದ ದಿನ ಇದನ್ನು ನಗುತ್ತಲೇ ಹೇಳಿದಳು. ನಗು ಅರ್ಧದಲ್ಲೇ ನಿಂತಿತು.

ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ. ಹೆಸರು ಬೇಡ. ಎದುರಿಗೆ ಕರೆಯುತ್ತಿದ್ದ ಹಾಗೆ ಇಲ್ಲಿಯೂ ತಂಗಿ ಎಂದೇ ಕರೆಯುತ್ತೇನೆ. ಅವಳು ನನ್ನನ್ನು ಟೀಚರ್ ಎನ್ನುತ್ತಾಳೆ. ಕನ್ನಡ ಮೀಡಿಯಂ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಜೀವಶಾಸ್ತ್ರ ಕಲಿಸಿ, ಆಮೇಲೆ ಆಪ್ತಸಲಹೆ ಕಲಿತವಳು ನಾನು. ಈ ಊರಿನಲ್ಲಿ ಒಮ್ಮೆ ಟೀಚರ್ ಆದರೆ ಕೊನೆಯವರೆಗೂ ಟೀಚರ್.

ವಯಸ್ಸು 29. ಬದಿಯಡ್ಕದಿಂದ ಆಚೆ ಮನೆ, ಅಡಕೆ ಮತ್ತು ತೆಂಗಿನ ತೋಟ. ಹತ್ತನೆಯವರೆಗೆ ಕನ್ನಡ ಮೀಡಿಯಂ, ಪ್ಲಸ್ ಟು ಇಲ್ಲೇ, ಬಿಎಸ್ಸಿ ಗಡಿ ದಾಟಿ ಮಂಗಳೂರು ವಿಶ್ವವಿದ್ಯಾಲಯದ ಒಂದು ಕಾಲೇಜಿನಲ್ಲಿ. ಆಮೇಲೆ ದೊಡ್ಡ ನಗರವೊಂದರ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಗಿಡದ ಜೀವಕೋಶದ ಗೋಡೆಯ ಬಗ್ಗೆ ಸಂಶೋಧನೆ ಮಾಡುವ ಗುಂಪು, ಅದರಲ್ಲಿ ಇವಳು ಟೆಕ್ನಿಶಿಯನ್. ಮೂರು ವರ್ಷದ ಪ್ರಾಜೆಕ್ಟ್ ಮುಗಿದ ಮೇಲೆ ವರ್ಷ ವರ್ಷಕ್ಕೆ ಮುಂದುವರಿಸುತ್ತಾ ಆರು ವರ್ಷ ಆಗಿತ್ತು. ಈ ಸಲದ ಗಡುವು ಮಾರ್ಚ್ 31. ಜನವರಿ ಕೊನೆಯಲ್ಲಿ ಸಂಬಳವಿಲ್ಲದ ರಜೆ ಹಾಕಿ ಊರಿಗೆ ಬಂದಿದ್ದಳು. ನನ್ನಲ್ಲಿಗೆ ಕರೆದುಕೊಂಡು ಬಂದದ್ದು ಅವಳ ಅತ್ತಿಗೆ.

ರಾತ್ರಿ ಮೂರು ಗಂಟೆಗೆ ಎಚ್ಚರ ಆಗುತ್ತದೆ, ಮತ್ತೆ ನಿದ್ದೆ ಬರುವುದಿಲ್ಲ. ಬಚ್ಚಲುಮನೆಯಲ್ಲಿ ಅಳು. ಜೊತೆಗೆ ಓದಿದವರ ಫೋಟೋ ಕಂಡರೆ ಫೋನ್ ಮಗುಚಿ ಇಡುತ್ತಾಳೆ. ಸಾಯಬೇಕು ಅಂತ ಅನ್ನಿಸುತ್ತದಾ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಎಂದು ಜನ ಹೆದರುತ್ತಾರೆ. ಹಾಗೇನಿಲ್ಲ, ಕೇಳಲೇಬೇಕು. "ಹಾಗಲ್ಲ ಟೀಚರ್. ಯಾರೂ ನನ್ನನ್ನು ನೋಡದಿದ್ದರೆ ಸಾಕು ಅಂತ ಆಗ್ತದೆ" ಎಂದಳು. ಊಟ ಮಾಡುತ್ತಿದ್ದಳು, ಮನೆಗೆಲಸ ಮಾಡುತ್ತಿದ್ದಳು, ಮಾತು ಸ್ಪಷ್ಟ ಇತ್ತು. ಆ ಹೊತ್ತಿಗೆ ಡಾಕ್ಟರ ಹತ್ತಿರ ಕಳಿಸುವ ಅಗತ್ಯ ಕಾಣಲಿಲ್ಲ. ಆದರೂ ಮಾನಸಿಕ ನೆರವಿನ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವಳ ಫೋನಿನಲ್ಲಿ ಸೇವ್ ಮಾಡಿಸಿಯೇ ಕಳಿಸಿದೆ.

ಆ ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ಅವಳ ಮಾತು ಅರ್ಧ ಆಗುವಾಗಲೇ ನನ್ನೊಳಗಿನ ಟೀಚರ್ ಎದ್ದು ಕೂತಳು. ಬಿಳಿ ಹಾಳೆ ತೆಗೆದು ದಾರಿಗಳನ್ನು ಬರೆದೆ. ಎಂಎಸ್ಸಿ, ಬಿಎಡ್, ಪಿಎಸ್‌ಸಿ, ಬ್ಯಾಂಕ್ ಪರೀಕ್ಷೆ. ಪ್ರತಿಯೊಂದರ ಮುಂದೆ ಎಷ್ಟು ವರ್ಷ, ಎಷ್ಟು ಫೀಸು. ಅವಳು ಹಾಳೆಯನ್ನು ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು. "ಆಯ್ತು ಟೀಚರ್" ಎಂದಳು. ಮೂರು ವಾರ ಈ ಕಡೆ ತಲೆ ಹಾಕಲಿಲ್ಲ.

ಆಮೇಲೆ ಯೋಚಿಸಿದರೆ ನನಗೇ ನಾಚಿಕೆ. ಆ ಹಾಳೆಯಲ್ಲಿ ಅವಳ ಆರು ವರ್ಷದ ಕೆಲಸದ ಸುದ್ದಿಯೇ ಇರಲಿಲ್ಲ. ಮನೆಯವರು ದಿನಾ ಹೇಳುತ್ತಿದ್ದುದನ್ನೇ ನಾನು ಚಂದದ ಅಕ್ಷರದಲ್ಲಿ ಬರೆದು ಕೊಟ್ಟಿದ್ದೆ. ಅತ್ತಿಗೆಗೆ ಫೋನ್ ಮಾಡಿ, ಇನ್ನೊಮ್ಮೆ ಬರಲು ಹೇಳಿ, ಈ ಸಲ ನಾನು ಬರೆಯುವುದಿಲ್ಲ, ಕೇಳುತ್ತೇನೆ ಎಂದು ಹೇಳಿಸಿದೆ.

ಬಂದಳು. "ಬೆಳಿಗ್ಗೆ ಲ್ಯಾಬಿಗೆ ಹೋದರೆ ಸಂಜೆವರೆಗೆ ಎಂತ ಮಾಡ್ತೀ ನೀನು? ನಿನ್ನ ಅಮ್ಮನಿಗೆ ಹೇಳುವ ಹಾಗೆ ಹೇಳು" ಎಂದೆ. ಇಂಗ್ಲಿಷಿನಲ್ಲಿ ಶುರು ಮಾಡಿದಳು, ನಿಂತಳು. ಕನ್ನಡದಲ್ಲಿ ಶುರು ಮಾಡಿದಳು, ಮತ್ತೆ ನಿಂತಳು. "ಲ್ಯಾಬಲ್ಲಿ ಇಂಗ್ಲಿಷ್, ಹಿಂದಿ. ಮನೆಯಲ್ಲಿ ಕನ್ನಡ, ಕೆಲಸದವರ ಹತ್ತಿರ ತುಳು, ವಿಲ್ಲೇಜ್ ಆಫೀಸಿಗೆ ಹೋದರೆ ಮಲಯಾಳ. ಇದನ್ನು ಮಾತ್ರ ಊರಲ್ಲಿ ಯಾರ ಹತ್ತಿರವೂ ಹೇಳಿಯೇ ಇಲ್ಲ ಟೀಚರ್" ಎಂದಳು. ನಮ್ಮದು ಸಪ್ತಭಾಷೆಯ ನಾಡು ಎಂದು ಸಭೆಗಳಲ್ಲಿ ಭಾಷಣ ಮಾಡುತ್ತೇವೆ. ಅಷ್ಟು ಭಾಷೆ ಇದ್ದೂ ಈ ಹುಡುಗಿಯ ಕೆಲಸಕ್ಕೆ ಒಂದು ವಾಕ್ಯ ಸಿಕ್ಕಿರಲಿಲ್ಲ.

ನಿಧಾನಕ್ಕೆ ಬಂತು. ಗಿಡದ ದಂಟಿನ ತುಂಡುಗಳು ಬರುತ್ತವೆ. ಅವನ್ನು ದ್ರವ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ ಅರೆಯಬೇಕು. ಅದು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿ. ಹುಡಿಯಾದ ಮೇಲೆ ಶೇಕಡ 70ರ ಆಲ್ಕೋಹಾಲಿನಲ್ಲಿ ತೊಳೆದರೆ ಸಕ್ಕರೆ ಮತ್ತು ಸಣ್ಣಪುಟ್ಟ ವಸ್ತುಗಳು ಹೋಗುತ್ತವೆ. ಕ್ಲೋರೋಫಾರ್ಮ್ ಮತ್ತು ಮೆಥನಾಲ್ ಸಮಸಮ ಸೇರಿಸಿ ತೊಳೆದರೆ ಎಣ್ಣೆ ಅಂಶ, ಹಸಿರು ಬಣ್ಣ ಹೋಗುತ್ತದೆ. ಆಮೇಲೆ ಅಸಿಟೋನ್. ಒಣಗಿಸಿ, ಅಮೈಲೇಸ್ ಎಂಬ ಕಿಣ್ವ ಹಾಕಿ ಪಿಷ್ಟ ಬಿಡಿಸಬೇಕು. ಎಲ್ಲ ಹೋಗಿ ಕೊನೆಗೆ ಒಂದು ಬಿಳಿಚಿದ ಹುಡಿ ಉಳಿಯುತ್ತದೆ. "ಅದೇ ಗೋಡೆ" ಎಂದಳು.

ನಾನು ಇಪ್ಪತ್ತೆರಡು ವರ್ಷ ಮಕ್ಕಳಿಗೆ ಬರೆಸಿದ ಉತ್ತರ: ಸಸ್ಯಕೋಶಕ್ಕೆ ಕೋಶಭಿತ್ತಿ ಇದೆ, ಪ್ರಾಣಿಕೋಶಕ್ಕೆ ಇಲ್ಲ. ಒಂದು ಅಂಕ. ಆ ಒಂದು ಅಂಕದೊಳಗೆ ಇವಳು ಆರು ವರ್ಷ ಬದುಕಿದ್ದಳು.

ಅವತ್ತು ಅವಳಿಗೆ ಒಂದೇ ಒಂದು ಮನೆಗೆಲಸ ಕೊಟ್ಟೆ. ರಾತ್ರಿ ಅಡಿಗೆಮನೆಯಲ್ಲಿ ಇದಿಷ್ಟನ್ನೂ ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕು. ಮರುದಿನ ಬೆಳಿಗ್ಗೆಯೇ ಫೋನ್. ಅಮ್ಮ ಕಾಯಿ ತುರಿಯುತ್ತಾ ಎಲ್ಲ ಕೇಳಿ, "ಅಂದರೆ ಕಾಯಿಹಾಲು ಹಿಂಡಿದ ಮೇಲೆ ಉಳಿಯುವ ಚರಟದ ಹಾಗಾ?" ಎಂದರಂತೆ. ಚರಟವೇ. ಹಾಲು ಹಿಂಡಿ, ಬಿಸಿನೀರು ಹಾಕಿ ಮತ್ತೆ ಹಿಂಡಿದ ಮೇಲೆ ಕೈಯಲ್ಲಿ ಉಳಿಯುವುದರಲ್ಲಿ ಬಹುಪಾಲು ತೆಂಗಿನ ಜೀವಕೋಶದ ಗೋಡೆಯೇ. ಇವಳು ಅಮ್ಮನಿಗೆ ಇನ್ನೂ ಹೇಳಿದಳಂತೆ. ಕೊಬ್ಬರಿಯ ಗೋಡೆಯಲ್ಲಿ ಮ್ಯಾನನ್ ಎಂಬ ಸಕ್ಕರೆಸರ ಜಾಸ್ತಿ, ಸಿಪ್ಪೆಯ ನಾರಿನಲ್ಲಿ ಲಿಗ್ನಿನ್ ಜಾಸ್ತಿ, ಅದಕ್ಕೇ ನಾರು ಅಷ್ಟು ಗಟ್ಟಿ. ಕೆಲವು ತೆಂಗಿನ ಮರಗಳಲ್ಲಿ ಒಡೆದರೆ ಒಳಗೆ ಮೊಸರಿನಂತಿರುವ ಕಾಯಿ ಸಿಗುತ್ತದಲ್ಲ, ಮಲಯಾಳದಲ್ಲಿ ತೈರು ತೇಂಗಾ ಎನ್ನುವುದು, ಅದೂ ಗೋಡೆಯದ್ದೇ ಕತೆ. ಆ ಸಕ್ಕರೆಸರದ ಪಕ್ಕದ ಕೊಂಬೆಗಳನ್ನು ಕಡಿಯಬೇಕಾದ ಕಿಣ್ವ ಅದರಲ್ಲಿ ತೀರಾ ಕಡಿಮೆ. ಹಾಗಾಗಿ ತಿರುಳು ಗಟ್ಟಿಯಾಗದೆ ಲೋಳೆಯಾಗಿಯೇ ಉಳಿಯುತ್ತದೆ. ಅಮ್ಮ ತಮ್ಮ ತವರಿನಲ್ಲಿ ಅಂಥ ಒಂದು ಮರ ಇದ್ದುದನ್ನು ನೆನಪು ಮಾಡಿಕೊಂಡರಂತೆ.

ಟ್ಯೂಬನ್ನು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್‌ನಲ್ಲಿ ಟ್ಯೂಬಿನ ತಳಕ್ಕೆ ಕೂರುವ ಪೆಲ್ಲೆಟ್‌ಗೆ ಕನ್ನಡದಲ್ಲಿ ಏನೆನ್ನುವುದು ಎಂದು ಇಬ್ಬರೂ ಹುಡುಕಿದೆವು. ಗಷ್ಟು ಎಂದೆ ನಾನು. ಗಸಿ ಎಂದೂ ಹೇಳಬಹುದು ಎಂದೆ. "ಗಸಿ ಬೇಡ ಟೀಚರ್, ಕಡಲೆ ಗಸಿ ನೆನಪಾಗ್ತದೆ" ಎಂದಳು. ಅವತ್ತಿನ ನಗು ಪೂರ್ತಿ ಆಯಿತು.

ಕೈಕೆಲಸದ ಮಾತು ಬಂದ ಮೇಲೆ ಅವಳು ಬೇರೆಯೇ ಹುಡುಗಿ. ಆ ಹುಡಿಯನ್ನು ಒಂದೊಂದು ಟ್ಯೂಬಿಗೆ 2 ಮಿಲಿಗ್ರಾಂ ತೂಗಬೇಕು. ಅದು ಒಂದು ಎಳ್ಳಿನ ಕಾಳಿಗಿಂತ ಹಗುರ. ಒಣಹವೆಯ ದಿನಗಳಲ್ಲಿ ಹುಡಿ ಚಮಚೆಯಿಂದ ಹಾರಿ ಟ್ಯೂಬಿನ ಕಂಠಕ್ಕೆ ಅಂಟುತ್ತದೆ. ಟ್ರೈಫ್ಲೋರೋ ಅಸಿಟಿಕ್ ಆಸಿಡ್ ಹಾಕಿ 121 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಗೋಡೆಯ ಮೆದು ಭಾಗ ಬಿಡಿ ಸಕ್ಕರೆಗಳಾಗಿ ಕರಗುತ್ತದೆ, ಗಟ್ಟಿ ಸೆಲ್ಯುಲೋಸ್ ಉಳಿಯುತ್ತದೆ. ಮೇಲಿನ ತಿಳಿಯನ್ನು ಪಿಪೆಟ್‌ನಲ್ಲಿ ತೆಗೆಯುವಾಗ ತಳದ ಗಷ್ಟು ಒಂದು ಚೂರು ಎದ್ದು ಬಂದರೂ ಲೆಕ್ಕ ತಪ್ಪು. ಕೊನೆಗೆ ಅದನ್ನೂ ಶೇಕಡ 72ರ ಗಂಧಕಾಮ್ಲದಲ್ಲಿ ಕರಗಿಸಿ, ಸಕ್ಕರೆ ಇದ್ದರೆ ಬಣ್ಣ ಕೊಡುವ ಆಂಥ್ರೋನ್ ಹಾಕಿ, ಬರುವ ನೀಲಿಹಸಿರು ಬಣ್ಣವನ್ನು ಯಂತ್ರದಲ್ಲಿ ಅಳೆಯಬೇಕು. "ಆಂಥ್ರೋನ್ ಆಗಾಗಲೇ ಮಾಡಿದ್ದಾ, ನಿನ್ನೆಯದ್ದಾ ಅಂತ ನನಗೆ ನೋಡಿದರೆ ಗೊತ್ತಾಗ್ತದೆ" ಎಂದಳು. ಹೇಳುವಾಗ ಹೆಬ್ಬೆರಳು ತಾನಾಗಿ ಪಿಪೆಟ್ ಒತ್ತುತ್ತಿತ್ತು. ಪಿಎಚ್‌ಡಿಗೆಂದು ಬಂದ ಐದು ಜನರಿಗೆ ಇದನ್ನು ಅವಳೇ ಕಲಿಸಿದ್ದಳು. ಐವರೂ ಡಾಕ್ಟರೇಟ್ ಪಡೆದು ಹೋದರು. ಫೋನಿನಲ್ಲಿ ಅವಳು ಮಗುಚಿ ಇಡುತ್ತಿದ್ದುದು ಅವರ ಫೋಟೋಗಳನ್ನೂ ಸೇರಿಸಿ.

ಆ ದಿನ ನನ್ನ ನೋಟ್ ಪುಸ್ತಕದಲ್ಲಿ ಬರೆದುಕೊಂಡ ಸಾಲುಗಳು ಇವು: ಕೆಲಸ ಇಷ್ಟ ಉಂಟು. ಕೆಲಸದ ಹೆಸರು ಇಷ್ಟ ಇಲ್ಲ. ನೌಕರಿ ಭದ್ರ ಇಲ್ಲ. ಮೂರನ್ನೂ ಸೇರಿಸಿ ಒಂದೇ ಗಂಟು ಹಾಕಿಕೊಂಡು, ಅದಕ್ಕೆ 'ನಾನು ಸೋತೆ' ಎಂದು ಹೆಸರಿಟ್ಟಿದ್ದಾಳೆ.

ಪಿಎಚ್‌ಡಿ ಮಾಡಿದ್ದರೆ ಎಲ್ಲ ಸರಿಯಾಗುತ್ತಿತ್ತು ಎಂಬುದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ಅದಕ್ಕೆ ಮೊದಲು ಎಂಎಸ್ಸಿ ಆಗಬೇಕು, ಅದು ಬೇರೆ ಮಾತು. ನಾನು ಕೇಳಿದೆ: "ಒಂದು ಹೊಸ ಪ್ರಶ್ನೆ ಹುಡುಕುವುದು, ಯಾರೋ ಕೇಳಿದ ಪ್ರಶ್ನೆಗೆ ಸರಿಯಾಗಿ ಅಳೆದು ಕೊಡುವುದು. ಎರಡರಲ್ಲಿ ಯಾವುದು ಮಾಡುವಾಗ ನಿನಗೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ?" ಯೋಚನೆಯೇ ಮಾಡಲಿಲ್ಲ. "ಅಳೆಯುವುದು" ಎಂದಳು. ಹೇಳಿಬಿಟ್ಟು ತಪ್ಪು ಮಾಡಿದವಳ ಹಾಗೆ ನನ್ನ ಮುಖ ನೋಡಿದಳು. ಎಂಎಸ್ಸಿ ಬೇಡ ಎಂದು ನಾನು ಹೇಳಲಿಲ್ಲ. ನಾಚಿಕೆ ಕಳೆಯಲು ಎಂದು ಎರಡು ವರ್ಷ ಓದಬೇಡ, ಓದುವ ಆಸೆ ಆದರೆ ಓದು ಎಂದೆ.

ಸಮಾಧಾನಕ್ಕೆ ಒಂದು ಕತೆಯನ್ನೂ ಹೇಳಿದೆ. ಹಳೆ ಅಭ್ಯಾಸ, ಬಿಡುವುದಿಲ್ಲ. ರಾಬರ್ಟ್ ಹುಕ್ ಕಾರ್ಕಿನ ತೆಳು ಹೋಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಡ ಪುಟ್ಟ ಪುಟ್ಟ ಕೋಣೆಗಳಿಗೆ ಸೆಲ್ ಎಂದು ಹೆಸರಿಟ್ಟ. ಅದು ಅಚ್ಚಾದದ್ದು 1665ರಲ್ಲಿ. ಅವನು ಕಂಡದ್ದು ಜೀವ ಹೋದ ಕೋಣೆಗಳ ಬರೀ ಗೋಡೆಗಳನ್ನು. ಅದಕ್ಕೂ ಮೊದಲು ಅವನು ರಾಬರ್ಟ್ ಬಾಯ್ಲ್‌ನ ಪ್ರಯೋಗಶಾಲೆಯಲ್ಲಿ ಸಂಬಳದ ಸಹಾಯಕ. ಬಾಯ್ಲ್‌ನ ಗಾಳಿ ಪಂಪನ್ನು ಮಾಡಿಕೊಟ್ಟವನೂ ಅವನೇ. ತಂಗಿ ಪೂರ್ತಿ ಕೇಳಿದಳು. ಆಮೇಲೆ, "ಅವರು ಪುಸ್ತಕವನ್ನು ತಾವೇ ಬರೆದರಲ್ಲ ಟೀಚರ್, ಹೆಸರು ಉಳಿಯಿತು" ಎಂದಳು.

ನನ್ನ ಕತೆ ಅಲ್ಲಿಗೇ ಮುಗಿಯಿತು. ಅವಳದ್ದು ಶುರುವಾಯಿತು. ಹಿಂದಿನ ವರ್ಷ ಗುಂಪಿನಿಂದ ಒಂದು ಸಂಶೋಧನಾ ಪೇಪರ್ ಪ್ರಕಟವಾಗಿತ್ತು. ಲೇಖಕರಾಗಿ ಏಳು ಹೆಸರು. ಮೂರು ಕೋಷ್ಟಕದ ಅಷ್ಟೂ ಅಂಕಿಗಳು ಇವಳು ತೂಗಿ ಅಳೆದವು. ಇವಳ ಹೆಸರು ಕೊನೆಯಲ್ಲಿ, ತಾಂತ್ರಿಕ ನೆರವಿಗೆ ಧನ್ಯವಾದ ಎಂಬಲ್ಲಿ. ಅದರಲ್ಲೂ ಒಂದು ಅಕ್ಷರ ತಪ್ಪು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಇಲ್ಲಿ ನನಗೆ ಎರಡು ಮನಸ್ಸು. ಸ್ಯಾಂಪಲ್ ನಡೆಸಿಕೊಟ್ಟವರೆಲ್ಲ ಲೇಖಕರಲ್ಲ ಎಂಬುದು ಹಲವು ಕಡೆಯ ರೂಢಿ. ಯೋಜನೆಯಲ್ಲೋ ಅರ್ಥ ಬಿಡಿಸುವುದರಲ್ಲೋ ಬರೆಯುವುದರಲ್ಲೋ ಪಾಲು ಇರಬೇಕು, ಬರೆದದ್ದಕ್ಕೆ ಉತ್ತರ ಹೇಳಲು ತಯಾರಿರಬೇಕು ಎನ್ನುತ್ತಾರೆ. ಸರಿಯೇ. ಆದರೆ ಕೆದಕಿ ಕೇಳಿದಾಗ ಇನ್ನೊಂದು ವಿಷಯ ಹೊರಬಂತು. ಮೊದಲ ಸುತ್ತಿನ ಅಂಕಿಗಳಲ್ಲಿ ಗ್ಲೂಕೋಸ್ ಅತಿಯಾಗಿ ಕಂಡಾಗ, ಪಿಷ್ಟ ಪೂರ್ತಿ ಹೋಗಿಲ್ಲ ಎಂದು ಪತ್ತೆ ಮಾಡಿದ್ದು ಇವಳು. ಇಡೀ ಸರಣಿಯನ್ನು ಮತ್ತೆ ಮಾಡಿಸಿದ್ದೂ ಇವಳೇ. ಅದು ಬರೀ ಕೈಯ ಕೆಲಸವಾ? ನನಗೆ ಹಾಗನ್ನಿಸುವುದಿಲ್ಲ.

ಅಚ್ಚಾದದ್ದನ್ನು ಬಿಡು ಎಂದೆ, ಅದರ ಹಿಂದೆ ಹೋದರೆ ನಿನ್ನ ನಿದ್ದೆಯೇ ಹೋಗುವುದು. ಮುಂದಿನ ಪೇಪರ್ ಬರೆಯಲು ಶುರು ಮಾಡುವ ಮೊದಲು ಕೇಳು. ಈಗ ಬಹಳಷ್ಟು ಪತ್ರಿಕೆಗಳು ಯಾರು ಯಾವ ಕೆಲಸ ಮಾಡಿದರು ಎಂದು 14 ಬಗೆಯಲ್ಲಿ ವಿಂಗಡಿಸಿ ಅಚ್ಚು ಹಾಕುವ ಪದ್ಧತಿಯನ್ನು ಒಪ್ಪಿವೆ. ಪ್ರಯೋಗ ನಡೆಸುವುದು, ಅಂಕಿ ಸರಿಯೇ ಎಂದು ಪರೀಕ್ಷಿಸುವುದು ಎಲ್ಲ ಅದರಲ್ಲಿ ಉಂಟು. ಆ ಪಟ್ಟಿ ಹಿಡಿದುಕೊಂಡೇ ಮಾತಾಡಬಹುದು. ಮಾತನ್ನು ಅಭ್ಯಾಸ ಮಾಡಿಸಿದೆ. ನಾನು ಅವಳ ಗುಂಪಿನ ಮುಖ್ಯಸ್ಥ ಸರ್ ಆದೆ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಫೋನ್ ನೋಡುತ್ತಾ ಕೂತೆ. ಮೊದಲ ಸಲ ಅವಳು ಮೂರು ಬಾರಿ ಸಾರಿ ಎಂದಳು, ವಿಷಯ ಹೇಳಲೇ ಇಲ್ಲ. ನಾಲ್ಕನೆಯ ಸಲಕ್ಕೆ ಬಂತು: "ಸರ್, ಈ ಪೇಪರಿನಲ್ಲಿ ನನ್ನ ಪಾಲು ಏನು ಅಂತ ಬರೆಯುವ ಮೊದಲೇ ಒಮ್ಮೆ ಮಾತಾಡುವನಾ?" ಸಾರಿ ಇಲ್ಲದೆ, ಅಷ್ಟೇ.

ತಲೆನೋವಿನ ವಿಷಯವೂ ಹೀಗೇ ನಡುವೆ ಬಂದದ್ದು. ಯಾವ ದಿನ ತಲೆನೋವು ಎಂದು ಕೇಳುತ್ತಾ ಹೋದರೆ ಎಲ್ಲವೂ ಕ್ಲೋರೋಫಾರ್ಮ್‌ನಲ್ಲಿ ತೊಳೆಯುವ ದಿನಗಳು. ಹೊಗೆ ಎಳೆದುಕೊಳ್ಳಬೇಕಾದ ಫ್ಯೂಮ್ ಹುಡ್‌ನ ಫ್ಯಾನ್ ಎಷ್ಟೋ ತಿಂಗಳಿಂದ ಸರಿಯಾಗಿ ಎಳೆಯುತ್ತಿರಲಿಲ್ಲ. ಬಾಯಲ್ಲಿ ಹೇಳಿದ್ದಳಂತೆ. "ಪ್ರಾಜೆಕ್ಟಿನವರು ಜಾಸ್ತಿ ಮಾತಾಡಿದರೆ ಮುಂದುವರಿಸುವುದಿಲ್ಲ ಅಂತ ಹೆದರಿಕೆ." ಉಳಿದ ವಿಷಯದಲ್ಲೆಲ್ಲ ನಾನು ಸಲಹೆ ಕೊಟ್ಟೆ, ನಿರ್ಧಾರ ಅವಳಿಗೆ ಬಿಟ್ಟೆ. ಇದರಲ್ಲಿ ಮಾತ್ರ ಹಠ ಮಾಡಿದೆ. ತಾರೀಕು ಹಾಕಿ ಮೇಲ್ ಮಾಡು. ಫ್ಯಾನ್ ಸರಿಯಾಗುವವರೆಗೆ ಅಲ್ಲಿ ಆ ಕೆಲಸ ಮಾಡಬೇಡ, ಬೇರೆ ಲ್ಯಾಬಿನ ಹುಡ್ ಕೇಳು. ಊರಿನಿಂದ ಹೊರಡುವ ಮೊದಲು ಡಾಕ್ಟರಿಗೆ ತೋರಿಸು, ಯಾವ ರಾಸಾಯನಿಕ ಎಂದು ಅವರಿಗೆ ಹೆಸರು ಹಿಡಿದು ಹೇಳು.

ಮೂರನೆಯ ಭೇಟಿಗೆ ಅಪ್ಪನನ್ನು ಕರೆಸಿದೆ. ಅರವತ್ತು ದಾಟಿದವರು, ಬಿಳಿ ಮುಂಡು, ಕಂಕುಳಲ್ಲಿ ಕೊಡೆ. ಕುಳಿತುಕೊಳ್ಳುವ ಮೊದಲೇ ಶುರು ಮಾಡಿದರು. "ಅಲ್ಲ ಟೀಚರೇ, ಬಾಟ್ಲಿ ತೊಳೆಯಲಿಕ್ಕೆ ಬಿಎಸ್ಸಿ ಬೇಕಾ? ಇಲ್ಲೇ ಕೂಡ್ಲಿನಲ್ಲಿ ಸಿಪಿಸಿಆರ್‌ಐ ಉಂಟು. ತೆಂಗಿನ ಸಂಶೋಧನೆ ಅಲ್ಲಿ 1916ರಲ್ಲೇ ಶುರುವಾದದ್ದು. ಮಾಡುವುದಾದರೆ ಇಲ್ಲೇ ಮಾಡಬಹುದಿತ್ತಲ್ಲ. ಬರುವ ಸಂಬಂಧದವರು ಮೊದಲು ಕೇಳುವುದೇ ಪರ್ಮನೆಂಟಾ ಅಂತ. ನಾನು ಎಂತ ಹೇಳಲಿ?" ಮಗಳು ನೆಲ ನೋಡುತ್ತಿದ್ದಳು.

ವಾದಕ್ಕೆ ಹೋಗಲಿಲ್ಲ. ಕಳೆದ ಮಳೆಗಾಲದಲ್ಲಿ ತೋಟಕ್ಕೆ ಕೊಳೆರೋಗ ಬಂತಾ ಎಂದು ಕೇಳಿದೆ. ಈ ಭಾಗದ ಯಾವ ಕೃಷಿಕನನ್ನೂ ಮಾತಿಗೆಳೆಯಲು ಅದೊಂದೇ ಪ್ರಶ್ನೆ ಸಾಕು. ಬಂದಿತ್ತು. ಮರ ಹತ್ತಿ ಮದ್ದು ಬಿಡುವವನು ಹೊತ್ತಿಗೆ ಸಿಗಲಿಲ್ಲ, ಎರಡನೆಯ ಸಿಂಪಡಣೆ ತಡವಾಯಿತು, ಒಂದು ಮೂಲೆಯ ಫಸಲು ಉದುರಿಹೋಯಿತು. "ಕೆಲಸ ಗೊತ್ತಿದ್ದವ ಒಬ್ಬನೇ, ಅವನಿಗೆ ಹತ್ತು ತೋಟ" ಎಂದರು. ಮದ್ದು ಕಲಸುವುದು ಯಾರು ಎಂದೆ. "ನಾನೇ. ಅದನ್ನು ಬೇರೆಯವರ ಕೈಗೆ ಕೊಡುವುದಿಲ್ಲ."

ಹೇಗೆ ಕಲಸುತ್ತೀರಿ ಎಂದು ಕೇಳಿದರೆ ಕೊಡೆ ಕೆಳಗಿಟ್ಟರು. 1 ಕಿಲೋ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, 50 ಲೀಟರ್ ನೀರಿಗೆ. 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ. ಕಬ್ಬಿಣದ ಪಾತ್ರೆ ಆಗುವುದಿಲ್ಲ, ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಎರಡನ್ನೂ ಸೇರಿಸಿ ಕಲಕಿ, ಹೊಳೆಯುವ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಕೆಂಪು ಬಾರದಿದ್ದರೆ ಸರಿಯಾಗಿದೆ. ಕಲಸಿದ್ದನ್ನು ಅವತ್ತೇ ಬಿಡಬೇಕು, ಮರುದಿನಕ್ಕೆ ಇಡಬಾರದು.

"ನಮ್ಮ ಆಂಥ್ರೋನ್ ಸಹ ಹಾಗೇ ಅಪ್ಪಾ, ಮರುದಿನಕ್ಕೆ ಆಗುವುದಿಲ್ಲ" ಎಂದಳು ಮಗಳು. ಆ ಹೊತ್ತಿನವರೆಗೆ ಅವಳ ಬಾಯಿಂದ ಒಂದು ಮಾತು ಬಂದಿರಲಿಲ್ಲ. "ಕತ್ತಿಗೆ ಕೆಂಪು ಹಿಡಿಯುವುದು ತಾಮ್ರ. ಆಸಿಡ್ ಉಳಿದಿದೆಯಾ ಅಂತ ನೀವು ನೋಡುವುದು ಅದು. ನಾನು ಅಲ್ಲಿ ದಿನಾ ಮಾಡುವುದೂ ಅಂಥದ್ದೇ." ಆಮೇಲೆ ಅವಳೇ ಮುಂದುವರಿಸಿದಳು. ಕೊಳೆರೋಗ ತರುವ ಫೈಟಾಫ್ತೊರಾ ನೋಡಲು ಶಿಲೀಂಧ್ರದ ಹಾಗೆ, ಆದರೆ ನಿಜವಾದ ಶಿಲೀಂಧ್ರ ಅಲ್ಲ. ಶಿಲೀಂಧ್ರದ ಗೋಡೆಯಲ್ಲಿ ಕೈಟಿನ್ ಮುಖ್ಯ, ಇದರ ಗೋಡೆಯಲ್ಲಿ ಗಿಡಗಳ ಹಾಗೆ ಸೆಲ್ಯುಲೋಸ್. ಮ್ಯಾಂಡಿಪ್ರೊಪಮಿಡ್ ಎಂಬ ಮದ್ದು ಕೆಲಸ ಮಾಡುವುದೇ ಆ ಸೆಲ್ಯುಲೋಸ್ ಕಟ್ಟುವುದನ್ನು ತಡೆದು. "ಹಾಗಾದರೆ ಅದು ಅಣಬೆಯ ಜಾತಿ ಅಲ್ವಾ?" ಎಂದರು ಅಪ್ಪ. "ಮತ್ತೆ ಆ ಮದ್ದು ಅಡಕೆ ಮರದ ಗೋಡೆಯನ್ನೂ ಹಾಳು ಮಾಡುವುದಿಲ್ವಾ?" ಒಳ್ಳೆಯ ಪ್ರಶ್ನೆ, ನನಗೂ ಹೊಳೆದಿರಲಿಲ್ಲ. ಎರಡರ ಕಿಣ್ವಗಳೂ ಒಂದೇ ಕುಲದವಾದರೂ ರಚನೆಯಲ್ಲಿ ವ್ಯತ್ಯಾಸ ಉಂಟು ಎಂದು ಅವಳು ಬೆರಳು ಮಡಚಿ ತೋರಿಸಿ ಹೇಳಿದಳು. ಕಾಲು ಗಂಟೆ ಅವರಿಬ್ಬರೇ ಮಾತಾಡಿದರು. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಎಂದರೆ ಆ ಕಾಲು ಗಂಟೆ ಬಾಯಿ ಮುಚ್ಚಿಕೊಂಡು ಕೂತದ್ದು.

ಹೊರಡುವಾಗ ಅಪ್ಪ ಬಾಗಿಲಲ್ಲಿ ತಿರುಗಿ ನಿಂತರು. "ಎಲ್ಲ ಸರಿ ಟೀಚರೇ. ಆದರೂ ಪರ್ಮನೆಂಟ್ ಅಲ್ವಲ್ಲ."

ಅವರ ಮಾತು ಸುಳ್ಳಲ್ಲ. ಕಸುಬಿನ ಹೆಮ್ಮೆಯಿಂದ ಬಾಡಿಗೆ ಕಟ್ಟಲಾಗುವುದಿಲ್ಲ. ಹಾಗಾಗಿ ನಾಲ್ಕನೆಯ ಭೇಟಿ ಪೂರ್ತಿ ಲೆಕ್ಕಾಚಾರ. ಇಲ್ಲಿ ವಯಸ್ಸೇ ಮುಖ್ಯ. ಕೇಂದ್ರದ ವಿಜ್ಞಾನ ಸಂಶೋಧನಾ ಪರಿಷತ್ತಾದ ಸಿಎಸ್‌ಐಆರ್ ಸಂಸ್ಥೆಗಳ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ ಬಿಎಸ್ಸಿಯಲ್ಲಿ ಶೇಕಡ 60 ಅಂಕ ಮತ್ತು ಒಂದು ವರ್ಷದ ಅನುಭವ ಸಾಕು, ಮೂಲವೇತನ 35,400 ರೂಪಾಯಿಯಿಂದ ಶುರು. ಆದರೆ ವಯಸ್ಸಿನ ಮಿತಿ 28. ಕೃಷಿ ಸಂಶೋಧನಾ ಪರಿಷತ್ತಿನ ಸಂಸ್ಥೆಗಳಲ್ಲಿ ತಾಂತ್ರಿಕ ವರ್ಗದ ಮೊದಲ ಮೆಟ್ಟಿಲು ಟಿ-1. ಅದಕ್ಕೆ ಹತ್ತನೆ ಪಾಸಾದರೂ ಸಾಕು, ಮಿತಿ 30. 2021ರ ಕೊನೆಯಲ್ಲಿ ದೇಶದ ಎಲ್ಲ ಸಂಸ್ಥೆಗಳಿಗೂ ಸೇರಿಸಿ 641 ಹುದ್ದೆಗೆ ಒಮ್ಮೆಲೇ ಅರ್ಜಿ ಕರೆದಿದ್ದರು. ಅಂಥದ್ದು ವರ್ಷ ವರ್ಷ ಬರುವುದಿಲ್ಲ. ತಂಗಿಯ ಮನೆಯವರು ಒಬಿಸಿ, ಮೂರು ವರ್ಷದ ಸಡಿಲಿಕೆ ಸಿಗುತ್ತದೆ. ಅದಕ್ಕೆ ಕೇಂದ್ರದ ನಮೂನೆಯ ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟ್ ಬೇಕು. ಆರು ವರ್ಷದಲ್ಲಿ ಅವಳು ಅದನ್ನು ಮಾಡಿಸಿಯೇ ಇರಲಿಲ್ಲ! ಆ ದಿನವೇ ಸರ್ಕಾರಿ ಅರ್ಜಿ ಹಾಕಿಸುವ ಅಕ್ಷಯ ಕೇಂದ್ರಕ್ಕೆ ಕಳಿಸಿದೆ. ಕೇರಳ ಪಿಎಸ್‌ಸಿಗೆ ನೋಂದಣಿ ಮಾಡಿಟ್ಟುಕೋ, ಆದರೆ ಗಡಿ ದಾಟಿ ಓದಿದ ಡಿಗ್ರಿಗೆ ಈಕ್ವಿವಲೆನ್ಸಿ ಕೇಳುತ್ತಾರೆ, ಅದನ್ನು ಮೊದಲೇ ತೆಗೆದಿಡು ಎಂದೆ. ಆಸ್ಪತ್ರೆ ಲ್ಯಾಬಿನ ಹುದ್ದೆಗಳು ವೈದ್ಯಕೀಯ ಲ್ಯಾಬ್ ಡಿಪ್ಲೊಮಾ, ಅಂದರೆ ಡಿಎಂಎಲ್‌ಟಿ ಮಾಡಿದವರಿಗೆ, ಅದನ್ನು ನೋಡುವುದೇ ಬೇಡ.

ಖಾಸಗಿ ಕೆಲಸದ ಬಗ್ಗೆ ದಾರಿ ತೋರಿಸಿದ್ದು ಅವಳೇ. ಪಶು ಆಹಾರದ ಲ್ಯಾಬುಗಳಲ್ಲಿ ಎನ್‌ಡಿಎಫ್, ಎಡಿಎಫ್ ಎಂದು ನಾರಿನ ಅಂಶ ಅಳೆಯುತ್ತಾರೆ. ಮೊದಲನೆಯದು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಮೂರೂ ಸೇರಿದ್ದು. ಎರಡನೆಯದರಲ್ಲಿ ಹೆಮಿಸೆಲ್ಯುಲೋಸ್ ಇಲ್ಲ. "ಅದೂ ಗೋಡೆಯೇ ಅಲ್ವಾ ಟೀಚರ್. ಹಸುವಿಗೆ ಹಾಕುವ ಹಿಂಡಿ ಚೀಲದ ಮೇಲೆ ಬರೆದ ನಾರಿನ ಲೆಕ್ಕವೂ ಹೆಚ್ಚುಕಡಿಮೆ ಅದೇ." ಕಾಗದದ ಕಾರ್ಖಾನೆಯಲ್ಲಿ ತಿರುಳಿನ ಲಿಗ್ನಿನ್ ಅಳೆಯುತ್ತಾರೆ, ಆಹಾರ ಕಂಪನಿಗಳಲ್ಲಿ ಪೆಕ್ಟಿನ್ ಮತ್ತು ನಾರು. ತನ್ನ ಕೆಲಸ ಆ ಒಂದು ಗುಂಪಿನ ಹೊರಗೆ ಯಾರಿಗೂ ಬೇಡ ಎಂದುಕೊಂಡಿದ್ದವಳು ಅರ್ಧ ಗಂಟೆಯಲ್ಲಿ ಒಂದು ಪುಟ ತುಂಬಿಸಿದಳು. ಈ ಸಲ ಬರೆದದ್ದು ಅವಳು.

ಇನ್ನೆರಡು ಮಾತು ಒತ್ತಿ ಹೇಳಿದೆ. ಪ್ರಾಜೆಕ್ಟ್ ಮುಗಿಯುವ ಮೊದಲೇ ಅನುಭವ ಪತ್ರ ಕೇಳು. ಅದರಲ್ಲಿ ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ ಎಂಬ ಒಂದು ಸಾಲು ಸಾಲದು. ಯಾವ ಉಪಕರಣ, ಯಾವ ವಿಧಾನ, ಎಷ್ಟು ವರ್ಷ, ಎಷ್ಟು ಜನರಿಗೆ ತರಬೇತಿ, ಎಲ್ಲವೂ ಬರಬೇಕು. ಕರಡು ನೀನೇ ಬರೆದು ಕೊಡು, ಸಹಿ ಮಾಡುವವರಿಗೂ ಸುಲಭ. ಇನ್ನೊಂದು, ನಿನ್ನ ಕೈಗೆ ಗೊತ್ತಿರುವುದನ್ನು ಒಂದು ಪುಸ್ತಕದಲ್ಲಿ ಬರೆ. ಪ್ರಯೋಗದ ಲಿಖಿತ ಕ್ರಮವಾದ ಪ್ರೊಟೊಕಾಲ್‌ನಲ್ಲಿ ಇಲ್ಲದ ಮಾತುಗಳನ್ನು. ಒಣಹವೆಯಲ್ಲಿ ಹುಡಿ ಹಾರದ ಹಾಗೆ ಏನು ಮಾಡುತ್ತೀ, ಗಷ್ಟು ಏಳದ ಹಾಗೆ ಪಿಪೆಟ್ ಎಷ್ಟು ಓರೆ ಹಿಡಿಯುತ್ತೀ. ಮೊದಲು ಕನ್ನಡದಲ್ಲಿ ಬರೆ, ಆಮೇಲೆ ಇಂಗ್ಲಿಷ್ ಮಾಡಿಕೋ.

ಫೆಬ್ರವರಿ ಕೊನೆಗೆ ಹೊರಟಳು. ಐದನೆಯದು ಫೋನಿನಲ್ಲಿ. ಫ್ಯಾನ್ ಸರಿಯಾದದ್ದು ಎರಡನೆಯ ಮೇಲ್ ಆದ ಮೇಲೆ. ಸರ್ ಹತ್ತಿರ ಆ ಮಾತು ಕೇಳಿದಳು. ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಎರಡು ದಿನ ಬಿಟ್ಟು, ವಿಧಾನಗಳ ಭಾಗವನ್ನು ನೀನೇ ಬರೆದು ಕೊಡು ಎಂದು ಕರಡು ಕಳಿಸಿದರು. ಬರೆದು ಕೊಟ್ಟಿದ್ದಾಳೆ. ಹೆಸರು ಎಲ್ಲಿ ಬರುತ್ತದೆ ಎಂಬುದು ಇನ್ನೂ ತೀರ್ಮಾನ ಆಗಿಲ್ಲ. ಪ್ರಾಜೆಕ್ಟ್ ಆರು ತಿಂಗಳು ಮುಂದುವರಿದಿದೆ. ಮಂಗಳೂರಿನ ಕಡೆಯ ಪಶು ಆಹಾರದ ಲ್ಯಾಬೊಂದರಿಂದ ಕರೆ ಬಂದಿತ್ತು. ಸಂಬಳ ಈಗಿನದಕ್ಕಿಂತ ಕಡಿಮೆ, ಆದರೆ ವರ್ಷ ವರ್ಷ ಗಡುವು ಇಲ್ಲ. ಯೋಚಿಸುತ್ತಿದ್ದಾಳೆ. ನಿದ್ದೆ ಐದು ಗಂಟೆಯವರೆಗೆ ಬರುತ್ತದಂತೆ, ಕೆಲವು ದಿನ ಮಾತ್ರ ಮೂರಕ್ಕೇ ಎಚ್ಚರ.

ಮೇ ಕೊನೆಯಲ್ಲಿ, ಮಳೆ ಶುರುವಾಗುವ ಮೊದಲು, ಮತ್ತೊಮ್ಮೆ ಫೋನ್ ಮಾಡಿದಳು. ವಾರಾಂತ್ಯಕ್ಕೆ ಊರಿಗೆ ಬರುವವಳಿದ್ದಳು. "ಅಪ್ಪ ಲಿಟ್ಮಸ್ ಕಾಗದ ತರಲಿಕ್ಕೆ ಹೇಳಿದ್ದಾರೆ ಟೀಚರ್, ಮದ್ದು ಕಲಸುವಾಗ ನೋಡಲಿಕ್ಕಂತೆ. ನೀಲಿಯದ್ದಾ, ಕೆಂಪಿನದ್ದಾ ಅಂತ ಕೇಳಿದೆ. ಗೊತ್ತಿಲ್ಲ, ಎರಡೂ ತಾ ಅಂದರು."